ಬಾಯಿಬಿಟ್ಟವಳ ಬೆನ್ನಿಗೆ ಯಾರು?

ತಮಿಳುನಾಡಿನ ಪೊಳ್ಳಾಚಿಯ ಕಾಲೇಜು ವಿದ್ಯಾರ್ಥಿನಿಯೊಬ್ಬಳು 2019ರ ಫೆಬ್ರುವರಿಯಲ್ಲಿ ಪೊಲೀಸರಿಗೆ ದೂರು ಕೊಟ್ಟಳು. ಸ್ನೇಹದ ನೆಪದಲ್ಲಿ ಹೆಣ್ಣುಮಕ್ಕಳನ್ನು ಕರೆದೊಯ್ದು, ವಿಡಿಯೊ ಮಾಡಿಕೊಂಡು, ಅದನ್ನೇ ತೋರಿಸಿ ಬೆದರಿಸುತ್ತಿದ್ದ ಗುಂಪಿನ ವಿರುದ್ಧದ ದೂರು ಅದು. ಕೆಲವೇ ದಿನಗಳಲ್ಲಿ ಆಕೆಯ ಸಹೋದರನ ಮೇಲೆ ಹಲ್ಲೆಯಾಯಿತು. ಮಾರ್ಚ್‌ನಲ್ಲಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ಸುದ್ದಿಗೋಷ್ಠಿಯಲ್ಲಿ ಆಕೆಯ ಹೆಸರು ಹೇಳಿದರು. ತನಿಖೆಯನ್ನು ಸಿಬಿಐಗೆ ವಹಿಸಿದ ಸರ್ಕಾರಿ ಆದೇಶದಲ್ಲೂ ಹೆಸರು ಅಚ್ಚಾಯಿತು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಆಕೆಗೆ 25 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸರ್ಕಾರಕ್ಕೆ ಆದೇಶಿಸಿತು.

ಆರು ವರ್ಷಗಳ ನಂತರ, 2025ರ ಮೇ 13ರಂದು, ಕೊಯಮತ್ತೂರಿನ ಮಹಿಳಾ ನ್ಯಾಯಾಲಯ ಒಂಬತ್ತು ಮಂದಿಗೆ ಸಾಯುವವರೆಗೂ ಜೈಲುವಾಸ ವಿಧಿಸಿತು. ಎಂಟು ಮಹಿಳೆಯರಿಗೆ ಒಟ್ಟು 85 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ವಿಚಾರಣೆ ನಡೆದದ್ದು ಹೊರಗಿನವರಿಗೆ ಪ್ರವೇಶವಿಲ್ಲದ ಕೊಠಡಿಯಲ್ಲಿ. ನಲವತ್ತೆಂಟು ಸಾಕ್ಷಿಗಳಲ್ಲಿ ಒಬ್ಬರೂ ಮಾತು ಬದಲಿಸಲಿಲ್ಲ ಎಂದು ಸರ್ಕಾರಿ ವಕೀಲರು ತಿಳಿಸಿದರು. ಇಂಥ ಪ್ರಕರಣಗಳಲ್ಲಿ ಸಾಕ್ಷಿಗಳು ಉಲ್ಟಾ ಹೊಡೆಯುವುದು ಎಷ್ಟು ಮಾಮೂಲಿ ಎಂದು ಬಲ್ಲವರಿಗೆ ಇದರ ತೂಕ ಗೊತ್ತಾಗುತ್ತದೆ. ದೂರು ಕೊಟ್ಟ ವಿಷಯ ಬಯಲಾದಾಗ ಏಟು ಬಿತ್ತು, ಹೆಸರು ಕಾಪಾಡಿದಾಗ ಸಾಕ್ಷಿ ನಿಂತಿತು. ಎರಡೂ ಒಂದೇ ಪ್ರಕರಣದಲ್ಲಿ ಆದವು.

ಇದು ಕೆಲಸದ ಜಾಗದ ಹೊರಗೆ ನಡೆದ ಅಪರಾಧ. ಕೆಲಸದ ಜಾಗದಲ್ಲಿ ನಡೆಯುವುದನ್ನು ಹೊರಗೆ ಹೇಳುವವರ ಪಾಡು ಇನ್ನೂ ಕಷ್ಟದ್ದು. ದೂರು ಕೊಟ್ಟವಳು ಮರುದಿನ ಬೆಳಿಗ್ಗೆ ಅದೇ ಗೇಟಿನೊಳಗೆ ಹೋಗಿ, ಅದೇ ಸೂಪರ್‌ವೈಸರ್ ಎದುರು, ಅದೇ ಹೊಲಿಗೆ ಯಂತ್ರದ ಮುಂದೆ ಕೂರಬೇಕು. ಕೊಯಮತ್ತೂರು, ತಿರುಪ್ಪೂರು, ದಿಂಡಿಗಲ್ ಸೀಮೆಯ ನೂಲಿನ ಮಿಲ್ಲುಗಳಲ್ಲಿ ‘ಸುಮಂಗಲಿ’ ಎಂಬ ಪದ್ಧತಿಯೇ ಬೆಳೆದಿತ್ತು. ಹಳ್ಳಿಯ ಹುಡುಗಿಯರನ್ನು ಮೂರು ವರ್ಷಕ್ಕೆಂದು ಕರೆತಂದು ಹಾಸ್ಟೆಲ್‌ನಲ್ಲಿಟ್ಟು ದುಡಿಸಿ, ಮದುವೆಯ ಖರ್ಚಿಗಾಗುತ್ತದೆಂದು ಇಡಿಗಂಟನ್ನು ಕೊನೆಯಲ್ಲಿ ಕೊಡುವ ಲೆಕ್ಕ. ನಡುವೆ ಬಾಯಿಬಿಟ್ಟು ಕೆಲಸ ಹೋದರೆ ಗಂಟೂ ಹೋಯಿತು. ಆ ಹುಡುಗಿಯರ ಬಾಯಿ ಮುಚ್ಚಿಸಲು ಬೇರೆ ಬೆದರಿಕೆಯೇ ಬೇಕಿರಲಿಲ್ಲ.

ಪೊಳ್ಳಾಚಿಯಿಂದ ಉಡುಮಲಪೇಟೆ, ಪಳನಿ ದಾಟಿದರೆ ದಿಂಡಿಗಲ್. ತಿರುಪ್ಪೂರಿನ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಸಮೂಹಕ್ಕೆ ಸೇರಿದ ನಾಚಿ ಅಪಾರೆಲ್ ಕಾರ್ಖಾನೆ ಇರುವುದು ಆ ಜಿಲ್ಲೆಯಲ್ಲಿ. 2021ರ ಜನವರಿಯಲ್ಲಿ ಅಲ್ಲಿ ಕೆಲಸಕ್ಕಿದ್ದ 20 ವರ್ಷದ ದಲಿತ ಯುವತಿಯ ಕೊಲೆಯಾಯಿತು. ಅದೇ ಕಾರ್ಖಾನೆಯ ಸೂಪರ್‌ವೈಸರ್ ಬಂಧನಕ್ಕೊಳಗಾದ. ಆತ ತಿಂಗಳುಗಟ್ಟಲೆ ಕಾಡುತ್ತಿದ್ದ, ಅದನ್ನು ತಡೆಯುವ ದಾರಿ ಅವಳಿಗೆ ಕಾಣಲಿಲ್ಲ ಎಂದು ಮನೆಯವರು ಹೇಳಿದರು. ಆಮೇಲೆ ಇತರ ಕಾರ್ಮಿಕ ಮಹಿಳೆಯರೂ ತಮ್ಮ ಅನುಭವಗಳನ್ನು ಹೇಳತೊಡಗಿದರು.

ಹೋರಾಟಕ್ಕಿಳಿದದ್ದು ಮಹಿಳೆಯರೇ ಮುನ್ನಡೆಸುವ ‘ತಮಿಳುನಾಡು ಟೆಕ್ಸ್‌ಟೈಲ್ ಅಂಡ್ ಕಾಮನ್ ಲೇಬರ್ ಯೂನಿಯನ್’. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು ಜೊತೆಗೂಡಿದವು. 2022ರ ಏಪ್ರಿಲ್‌ನಲ್ಲಿ ಈಸ್ಟ್‌ಮನ್ ಕಂಪನಿಯೂ ಯೂನಿಯನ್ನೂ ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಕಿರುಕುಳ ತಡೆಯುವ ‘ದಿಂಡಿಗಲ್ ಒಪ್ಪಂದ’ಕ್ಕೆ ಸಹಿ ಹಾಕಿದವು. ಬಟ್ಟೆ ಕೊಳ್ಳುವ ಎಚ್‌ ಅಂಡ್‌ ಎಂ, ಗ್ಯಾಪ್, ಪಿವಿಎಚ್ ಕಂಪನಿಗಳೂ ತಮ್ಮ ಕಡೆಯಿಂದ ಇದಕ್ಕೆ ಬದ್ಧವಾದವು. ಭಾರತದಲ್ಲಿ ಕೆಲಸದ ಜಾಗದ ದೂರುದಾರರನ್ನು ಕಾಪಾಡಲು ಇದುವರೆಗೆ ಆಗಿರುವ ಪ್ರಯತ್ನಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಅಪರೂಪ. ಅದಕ್ಕೆ ಕಾರಣವನ್ನು ಒಪ್ಪಂದದ ಉದಾತ್ತ ಮಾತುಗಳಲ್ಲಿ ಹುಡುಕಬೇಕಿಲ್ಲ, ದೂರು ಯಾವ ದಾರಿಯಲ್ಲಿ ಸಾಗುತ್ತದೆ ಎಂದು ನೋಡಿದರೆ ಸಾಕು.

ಮಾಮೂಲಿ ಕಾರ್ಖಾನೆಯಲ್ಲಿ ಗೋಡೆಗೊಂದು ದೂರುಪೆಟ್ಟಿಗೆ ಇರುತ್ತದೆ, ಬೀಗದ ಕೈ ಎಚ್‌ಆರ್ ಬಳಿ. ಇಲ್ಲಿ ಹಾಗಲ್ಲ. ಲೈನ್‌ನಲ್ಲಿ ಪಕ್ಕದಲ್ಲೇ ಕೂತು ಹೊಲಿಯುವ ಹೆಂಗಸಿಗೇ ತರಬೇತಿ ಕೊಟ್ಟು, ಕಿರುಕುಳವನ್ನು ಗುರುತಿಸುವ, ವರದಿ ಮಾಡುವ ಹೊಣೆ ವಹಿಸಲಾಯಿತು. ಟಾರ್ಗೆಟ್ ಮುಟ್ಟದಿದ್ದಾಗ ಸೂಪರ್‌ವೈಸರ್ ಬಳಸುವ ಮಾತು ಎಂಥದ್ದು, ಯಾರ ಕುರ್ಚಿಯ ಹಿಂದೆ ಆತ ಸುಮ್ಮನೆ ಬಂದು ನಿಲ್ಲುತ್ತಾನೆ ಎಂಬುದು ಅವಳಿಗಿಂತ ಚೆನ್ನಾಗಿ ಯಾವ ಆಡಿಟರ್‌ಗೂ ಗೊತ್ತಿರಲಾರದು. ಒಪ್ಪಂದದ ಪ್ರಕಾರ, ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದೇ ಒಂದು ಉಲ್ಲಂಘನೆ. ಆಡಳಿತ ಬಗೆಹರಿಸದಿದ್ದರೆ ಹೊರಗಿನ ಸ್ವತಂತ್ರ ಪರಿಶೀಲಕರು ಇದ್ದಾರೆ. ಅವರ ಮಾತಿಗೂ ಕಂಪನಿ ಬಗ್ಗದಿದ್ದರೆ ಬ್ರ್ಯಾಂಡುಗಳು ವ್ಯವಹಾರ ಮೊಟಕುಗೊಳಿಸಬೇಕು. ಮೊದಲ ವರ್ಷದ ವರದಿಯ ಪ್ರಕಾರ 185 ದೂರುಗಳು ಬಂದು 182 ಇತ್ಯರ್ಥವಾದವು. ದೂರು ಹೆಚ್ಚಾದರೆ ಕಾರ್ಖಾನೆ ಕೆಟ್ಟಿದೆ ಎನ್ನುವವರುಂಟು. ಒಂದೂ ದೂರಿಲ್ಲದ ಕಾರ್ಖಾನೆಯನ್ನೇ ಅನುಮಾನದಿಂದ ನೋಡಬೇಕು.

ಆಡಿಟ್‌ಗಳ ಯೋಗ್ಯತೆಯನ್ನು ಕರಾಚಿ ತೋರಿಸಿಕೊಟ್ಟಿದೆ. 2012ರ ಸೆಪ್ಟೆಂಬರ್ 11ರಂದು ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ಸ್‌ನಲ್ಲಿ ಬೆಂಕಿಗೆ 250ಕ್ಕೂ ಹೆಚ್ಚು ಕಾರ್ಮಿಕರು ಬಲಿಯಾದರು. ಕೆಲವೇ ವಾರಗಳ ಹಿಂದೆ ಅದಕ್ಕೆ ಸುರಕ್ಷತೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತ್ತು.

ಹಾಗಾದರೆ ನಮ್ಮ ಕಾನೂನು? ಹೆದ್ದಾರಿ ಕಾಮಗಾರಿಯ ಅಕ್ರಮವನ್ನು ಪ್ರಧಾನಿ ಕಚೇರಿಗೆ ಬರೆದು, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಕೊಲೆಯಾದರು. ಕೋಲಾರದ ಕೆಜಿಎಫ್‌ನ ಹುಡುಗ ಷಣ್ಮುಗಂ ಮಂಜುನಾಥ್ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಕಲಬೆರಕೆ ಹಿಡಿಯಲು ಹೋಗಿ 2005ರಲ್ಲಿ ಉತ್ತರಪ್ರದೇಶದಲ್ಲಿ ಗುಂಡಿಗೆ ಬಲಿಯಾದರು. ಬೆಂಗಳೂರಿನಲ್ಲಿ ಗೃಹನಿರ್ಮಾಣ ಸಹಕಾರ ಸಂಘಗಳ ನಿವೇಶನ ಹಂಚಿಕೆಯ ಅಕ್ರಮ ಬಯಲಿಗೆಳೆದ ಕೆಎಎಸ್ ಅಧಿಕಾರಿ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಇಷ್ಟೆಲ್ಲ ಆದ ಮೇಲೆ 2014ರಲ್ಲಿ, ಅಕ್ರಮ ಬಯಲಿಗೆಳೆಯುವವರನ್ನು ರಕ್ಷಿಸುವ ಸಂಸತ್ತಿನ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಹನ್ನೊಂದು ವರ್ಷ ಕಳೆದರೂ ಅದನ್ನು ಜಾರಿಗೆ ತಂದಿರಲಿಲ್ಲ. ಜಾರಿಯಾದರೂ ಅದು ಸರ್ಕಾರಿ ನೌಕರರ ಅಕ್ರಮಗಳಿಗಷ್ಟೇ ಸಂಬಂಧಿಸಿದ್ದು. ಖಾಸಗಿ ಮಿಲ್ಲಿನ ಹೆಣ್ಣುಮಗಳಿಗೆ ಅದರಲ್ಲಿ ಜಾಗವಿಲ್ಲ.

2013ರ ಕಂಪನಿ ಕಾಯ್ದೆ ದೂರು ವ್ಯವಸ್ಥೆ ಕಡ್ಡಾಯ ಮಾಡಿದೆ, ಆದರೆ ಷೇರುಪೇಟೆಯಲ್ಲಿರುವ, ಠೇವಣಿ ಪಡೆಯುವ ಅಥವಾ ಬ್ಯಾಂಕುಗಳಿಂದ 50 ಕೋಟಿಗೂ ಮೀರಿ ಸಾಲ ಮಾಡಿದ ಕಂಪನಿಗಳಿಗೆ ಮಾತ್ರ. ತಿರುಪ್ಪೂರಿನ ಸಣ್ಣ ಘಟಕಗಳು, ಪೊಳ್ಳಾಚಿ ಸುತ್ತಲಿನ ತೆಂಗಿನ ನಾರಿನ ಕಾರ್ಖಾನೆಗಳು ಈ ಬಲೆಗೆ ಬೀಳುವುದೇ ಇಲ್ಲ. ಅದೇ ವರ್ಷದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೆಸರು ಬಹಿರಂಗ ಮಾಡುವುದನ್ನು ನಿಷೇಧಿಸುತ್ತದೆ, ವಿಚಾರಣೆಯ ವೇಳೆ ಮೂರು ತಿಂಗಳವರೆಗೆ ರಜೆಗೂ ಅವಕಾಶ ಕೊಡುತ್ತದೆ. ಇವೆಲ್ಲ ಒಳ್ಳೆಯವೇ. ಆದರೆ ದೂರು ಕೇಳುವ ಆಂತರಿಕ ಸಮಿತಿಯನ್ನು ನೇಮಿಸುವವರು ಮಾಲೀಕರು, ಹೊರಗಿನ ಸದಸ್ಯರನ್ನು ಆರಿಸುವವರೂ ಅವರೇ. ದುರುದ್ದೇಶದ ದೂರಿಗೆ ಶಿಕ್ಷೆಯೆಂಬ ಕಲಮು ಬೇರೆ ತಲೆಯ ಮೇಲೆ ತೂಗುತ್ತದೆ.

ದಿಂಡಿಗಲ್ ಒಪ್ಪಂದ ಈ ಕೊರತೆಗಳನ್ನು ತುಂಬಿದರೂ ಅದಕ್ಕೆ ತನ್ನದೇ ದೌರ್ಬಲ್ಯವಿದೆ. ಅದರ ಬಲವೆಲ್ಲ ನಿಂತಿರುವುದು ಆರ್ಡರ್‌ಗಳ ಮೇಲೆ. ಬ್ರ್ಯಾಂಡ್ ಬೇರೆ ಕಡೆ ಹೋದರೆ ಕಾವಲೂ ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕಿಗೆ ಶೇ 50ರಷ್ಟು ಸುಂಕ ಹೇರಿದಾಗ ತಿರುಪ್ಪೂರು ತತ್ತರಿಸಿತು. ಇಂಥ ಹೊತ್ತಿನಲ್ಲಿ ಆರ್ಡರ್ ಇಲ್ಲವೆಂದು ಯಾರನ್ನು ಮನೆಗೆ ಕಳಿಸುತ್ತಾರೆ, ಆ ಪಟ್ಟಿಯಲ್ಲಿ ಹಿಂದೆ ದೂರು ಕೊಟ್ಟವರು ಎಷ್ಟು ಮಂದಿ ಎಂದು ಕೇಳುವ ಅಧಿಕಾರ ಕಾರ್ಮಿಕ ಇಲಾಖೆಗಿರಬೇಕು. ಇದಕ್ಕೆ ಮಾದರಿ 2014ರ ಕಾಯ್ದೆಯಲ್ಲೇ ಇದೆ: ತೆಗೆದುಕೊಂಡ ಕ್ರಮ ಸೇಡಿನದಲ್ಲವೆಂದು ಸಾಬೀತು ಮಾಡುವ ಹೊಣೆ ಆಡಳಿತದ್ದು, ದೂರುದಾರರದ್ದಲ್ಲ. ಅದೊಂದು ನಿಯಮವನ್ನು ಖಾಸಗಿ ಮಿಲ್ಲುಗಳಿಗೂ ಗಾರ್ಮೆಂಟ್ಸ್‌ಗಳಿಗೂ ವಿಸ್ತರಿಸಿದರೆ, ಕೆಲಸ ಕಳೆದುಕೊಂಡ ಹೆಂಗಸು ದಾಖಲೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಬದಲು, ಅವಳನ್ನೇಕೆ ತೆಗೆದೆವೆಂದು ಆಡಳಿತವೇ ಬಂದು ಲೆಕ್ಕ ಒಪ್ಪಿಸಬೇಕಾಗುತ್ತದೆ.