ಅಡಗಿಸಿಟ್ಟವರ ದಿನಚರಿ

ಆನ್ ಫ್ರಾಂಕಳ ದಿನಚರಿಯ ಹೆಸರನ್ನು ಕೇಳದ ವಿದ್ಯಾವಂತರು ನಮ್ಮ ಪಟ್ಟಣಗಳಲ್ಲಿ ವಿರಳ. ನಾಟ್ಸಿಗಳ ವಶದಲ್ಲಿದ್ದ ಆಮ್‌ಸ್ಟರ್‌ಡಾಮ್ ನಗರದ ಒಂದು ಕಚೇರಿಯ ಹಿಂಭಾಗದಲ್ಲಿ, 1942ರ ಜುಲೈಯಿಂದ 1944ರ ಆಗಸ್ಟ್ 4ರವರೆಗೆ ಅಡಗಿ ಬಾಳಿದ ಯೆಹೂದ್ಯರ ಕಥೆ ಅದು. ಕಡೆಗೆ ಸಿಕ್ಕಿಬಿದ್ದ ಎಂಟು ಮಂದಿಯಲ್ಲಿ ಬದುಕಿ ಬಂದವನು ತಂದೆ ಆಟೋ ಫ್ರಾಂಕ್ ಒಬ್ಬನೇ. ಅಡಗಿದ್ದವರನ್ನು ಲೋಕ ಮರೆತಿಲ್ಲ. ಅಡಗಿಸಿಟ್ಟವರನ್ನೋ? ಮೀಪ್ ಗೀಸ್, ಬೆಪ್, ಕೂಗ್ಲರ್, ಕ್ಲೈಮನ್ ಎಂಬ ಆ ಕಚೇರಿಯ ನೌಕರರು ಹಗಲು ಲೆಕ್ಕಪತ್ರ ನೋಡಿಕೊಂಡು, ನಡುವೆ ಬಿಡುವು ಮಾಡಿಕೊಂಡು, ಅಡಗಿದ್ದವರಿಗಾಗಿ ರೊಟ್ಟಿ ತರಕಾರಿಗಳನ್ನು ಒದಗಿಸಿದ ಸಾಮಾನ್ಯರು. ಇಂಥವರಿಗೆ ಸಾಹಿತ್ಯದಲ್ಲಿ ದೊರೆತಿರುವ ಪಾಲು ಇಷ್ಟು ಕಿರಿದೇಕೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿದೆ.

ಉತ್ತರದ ಒಂದು ಎಳೆ ಮೀಪ್ ಗೀಸಳಲ್ಲೇ ಇದೆ. ಪೊಲೀಸರು ಎಲ್ಲರನ್ನೂ ಹಿಡಿದೊಯ್ದ ಮೇಲೆ ನೆಲದ ಮೇಲೆ ಚೆಲ್ಲಿದ್ದ ಆನ್‌ಳ ಹಾಳೆಗಳನ್ನು ಆಯ್ದು ಮೇಜಿನ ಖಾನೆಯಲ್ಲಿ ಇಟ್ಟವಳು ಅವಳು. ಇಟ್ಟಳು, ಓದಲಿಲ್ಲ. ಓದಿದ್ದರೆ ಸುಟ್ಟುಬಿಡಬೇಕಾಗುತ್ತಿತ್ತು, ಏಕೆಂದರೆ ನೆರವಾದವರ ಹೆಸರುಗಳೆಲ್ಲ ಅದರಲ್ಲಿ ಇದ್ದವು ಎಂದು ಆಕೆ ಮುಂದೆ ಹೇಳಿದಳು. ಆಶ್ರಯ ಕೊಟ್ಟವರಿಗೆ ಬರೆಹವೇ ಅಪಾಯ. ಅವರು ಸಾಹಿತ್ಯಕ್ಕೆ ದೂರವಾಗಿ ಉಳಿದದ್ದು ಅರಸಿಕತೆಯಿಂದಲ್ಲ.

ಇದು ಪರದೇಶದ ಮಾತಷ್ಟೇ ಅಲ್ಲ. ಮಧುಗಿರಿ ಸೀಮೆಯ ವಳ್ಳೂರಿನಲ್ಲಿದ್ದ ನಮ್ಮ ದೊಡ್ಡಮ್ಮನನ್ನು ತುರ್ತುಪರಿಸ್ಥಿತಿಯ ದಿನಗಳ ಬಗೆಗೆ ಒಮ್ಮೆ ಕೇಳಿದೆ. ರಾತ್ರಿ ಹೊತ್ತು ಬಂದು ಉಂಡು ಹೋಗುತ್ತಿದ್ದವರು ಯಾರು ಎಂದರೆ, “ಯಾರೋ ಏನೋ ಕಣಪ್ಪ, ಹಸ್ಕೊಂಡು ಬಂದಿದ್ರು, ಮುದ್ದೆ ಇಟ್ಟೆ. ಹೆಸ್ರು ಕೇಳಿದ್ರೆ ನಾಳೆ ಪೊಲೀಸ್ನೋರು ಕೇಳ್ದಾಗ ಹೇಳ್ಬೇಕಾಗ್ತಿತ್ತಲ್ಲ” ಎಂದರು. ಇದನ್ನು ನಾನು ಬಹಳ ದಿನ ಹಳ್ಳಿಯವರ ಮುಗ್ಧತೆ ಎಂದುಕೊಂಡಿದ್ದೆ. ಎಂಥ ಪೆದ್ದುತನ ನನ್ನದು!

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಶ್ರೀಮತಿ ಸ್ನೇಹಲತಾ ರೆಡ್ಡಿಯವರ ಸೆರೆಮನೆಯ ದಿನಚರಿಯನ್ನು ಓದಬೇಕು. ಕನ್ನಡಿಗರು ಆಕೆಯನ್ನು ಬಲ್ಲುದು 1970ರ ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ. ಅದರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರ ಮಡದಿಯಾಗಿ. 1975ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದಾಗ ಜಾರ್ಜ್ ಫರ್ನಾಂಡಿಸರು ಭೂಗತರಾದರು. ಸಿಖ್ಖರ ವೇಷದಲ್ಲೂ ತಿರುಗಿದರು. ಬೆಂಗಳೂರಿನ ಈ ದಂಪತಿಗಳು ಅವರ ಗೆಳೆಯರು, ಹೋರಾಟದಲ್ಲಿ ಜೊತೆಗಾರರು. 1976ರ ಮೇ 1ರಂದು ಜಾರ್ಜರ ತಮ್ಮ ಲಾರೆನ್ಸರನ್ನು ಪೊಲೀಸರು ಹಿಡಿದು, ಅಣ್ಣನ ಸುಳಿವಿಗಾಗಿ ಚಿತ್ರಹಿಂಸೆ ಕೊಟ್ಟರು. ಮರುದಿನ ಸ್ನೇಹಲತಾ ಬಂಧಿತರಾದರು. ಜಾರ್ಜ್ ಸಿಕ್ಕಿದ್ದು ಜೂನ್ 10ರಂದು, ಕಲ್ಕತ್ತೆಯಲ್ಲಿ. ಬರೋಡಾ ಡೈನಮೈಟ್ ಮೊಕದ್ದಮೆಯ ಆರೋಪಪಟ್ಟಿಯಲ್ಲಿ ಕಡೆಗೆ ಸ್ನೇಹಲತಾರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯ ಅಡಿ ಎಂಟು ತಿಂಗಳು ಬೆಂಗಳೂರಿನ ಸೆರೆಮನೆಯಲ್ಲೇ ಇಟ್ಟರು. ತೀವ್ರ ಉಬ್ಬಸದ ರೋಗಿ ಆಕೆ. ರಾತ್ರಿಯ ನೀರವದಲ್ಲಿ ಆಕೆಯ ಕೂಗು ಕೇಳಿಬರುತ್ತಿತ್ತೆಂದು ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು ನೆನೆದಿದ್ದಾರೆ. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು, 20ರಂದು ತೀರಿಕೊಂಡರು. ಇಂಗ್ಲಿಷಿನಲ್ಲಿದ್ದ ದಿನಚರಿ ಅದೇ ವರ್ಷ ಅಚ್ಚಾಯಿತು.

ನಾಟ್ಸಿಗಳ ಮಾರಣಹೋಮವನ್ನೂ ನಮ್ಮ ತುರ್ತುಪರಿಸ್ಥಿತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ನಾನು ಹೋಲಿಸುತ್ತಿರುವುದು ಬರೆಹಗಳನ್ನು. ಆನ್‌ಳಿಗೆ ತನ್ನ ದಿನಚರಿಯನ್ನು ತಿದ್ದುವ ಅವಕಾಶ ಸಿಕ್ಕಿತು. 1944ರ ಮಾರ್ಚ್‌ನಲ್ಲಿ, ಯುದ್ಧಕಾಲದ ದಿನಚರಿಗಳನ್ನು ಮುಂದೆ ಸಂಗ್ರಹಿಸಬೇಕೆಂದು ದೇಶಭ್ರಷ್ಟ ಡಚ್ ಸರ್ಕಾರದ ಮಂತ್ರಿಯೊಬ್ಬರು ರೇಡಿಯೋದಲ್ಲಿ ಹೇಳಿದ್ದನ್ನು ಕೇಳಿ, ಹುಡುಗಿ ಎಲ್ಲವನ್ನೂ ಮತ್ತೆ ಬರೆಯಲು ಕುಳಿತಳು. ಹೆಸರುಗಳನ್ನು ಬದಲಿಸುವ ಯೋಚನೆಯನ್ನೂ ಮಾಡಿದಳು. ಪುಸ್ತಕದಲ್ಲಿ ಕೂಗ್ಲರ್ ‘ಕ್ರಾಲರ್’ ಆದದ್ದು ಹೀಗೆ. ಸ್ನೇಹಲತಾರಿಗೆ ದೊರೆತದ್ದು ಐದು ದಿನ. ಆದುದರಿಂದ ಅವರ ಬರೆಹದಲ್ಲಿ ತಿದ್ದಿ ತೀಡಿದ ನಯವನ್ನು ಹುಡುಕುವವರು ನಿರಾಶರಾಗುತ್ತಾರೆ. ಮೇಲಾಗಿ ಅದು ಸೆರೆಯೊಳಗಿನ ಬರೆಹ. ಯಾರು ಬಂದರು, ಎಲ್ಲಿ ಮಲಗಿದರು ಎಂಬುದನ್ನು ಜೈಲರನ ಕೈಗೆ ಸಿಗಬಹುದಾದ ಕಾಗದದ ಮೇಲೆ ಯಾವ ಗೃಹಿಣಿ ಬರೆದಾಳು? ಆಕೆ ಬರೆಯಬಹುದಾದದ್ದು ತನ್ನ ಮೈ ಪಡುತ್ತಿದ್ದ ಪಾಡನ್ನು, ಸುತ್ತಣ ಹೆಂಗಸರ ಗತಿಯನ್ನು. ಸೆರೆಗೆ ಬಂದ ಹೆಣ್ಣನ್ನು ಎಲ್ಲರೆದುರು ಬೆತ್ತಲೆ ನಿಲ್ಲಿಸುವ ಪದ್ಧತಿಯ ಮೇಲೆ ಅವರು ಬರೆದ ಮಾತುಗಳಲ್ಲಿ ಸ್ವಂತದ ಅಳಲು ಹಿಂದೆ ಸರಿದು, ಹೆಸರಿಲ್ಲದ ಬಡ ಕೈದಿಗಳು ಮುಂದೆ ಬರುತ್ತಾರೆ. ಸಾಹಿತ್ಯದ ಗುಣವೆಂದು ನಾನು ಕರೆಯುವುದು ಇದನ್ನೇ.

ನಮ್ಮ ವಿಮರ್ಶಕರು ಈ ಪುಸ್ತಕವನ್ನು ಚರಿತ್ರೆಯ ದಾಖಲೆಯೆಂದು ಗೌರವಿಸಿ ಬದಿಗಿಟ್ಟಂತಿದೆ. ದಾಖಲೆಯಾಗಿ ಅದು ಅಪೂರ್ಣವೇ ಸರಿ. ಆದರೆ ಅಲ್ಲಿ ಬಿಟ್ಟಿರುವುದು ಮರೆವಿನಿಂದ ಬಿಟ್ಟದ್ದಲ್ಲ. ಹೆಸರು ಕೇಳದೆ ಮುದ್ದೆ ಇಟ್ಟ ನಮ್ಮ ದೊಡ್ಡಮ್ಮನ ವಿವೇಕದ್ದೇ ಜಾತಿ ಅದು. ಅದನ್ನು ಓದುವ ಅಭ್ಯಾಸ ನಮಗಿನ್ನೂ ಆಗಿಲ್ಲ. ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಆನ್ ಫ್ರಾಂಕಳ ದಿನಚರಿ ಓದಿ ಓದಿ ರಟ್ಟು ಕಿತ್ತುಬಂದಿದೆ. ಸ್ನೇಹಲತಾರ ದಿನಚರಿಯನ್ನು ನಾನು ಗೆಳೆಯರೊಬ್ಬರಿಂದ ಎರವಲು ತಂದು ಓದಬೇಕಾಯಿತು.