ಕಾಡಿಗೆ ನೀರು ಬಿಡುವ ರಸ್ತೆ

ಮಲೆನಾಡಿನ ಕಾಡುರಸ್ತೆಯ ಚೆಂದ ಕಾಣುವುದು ಆರಿದ್ರ ಮಳೆ ಹಿಡಿದ ಮೇಲೆ. ಬೇಸಿಗೆಯಲ್ಲಿ ಎಲ್ಲ ಮಣ್ಣುರಸ್ತೆಗಳೂ ಒಂದೇ: ಕೆಂಪು ಧೂಳು, ಪಕ್ಕದ ಧರೆ, ತರಗೆಲೆ. ಜಡಿಮಳೆ ಶುರುವಾಗಿ ನಾಲ್ಕು ದಿನ ಕಳೆದರೆ ಬಲ್ಲವರ ಕೈಯಾಡಿದ ರಸ್ತೆ ಯಾವುದೆಂದು ತಾನಾಗಿ ಗೊತ್ತಾಗುತ್ತದೆ. ಒಂದರಲ್ಲಿ ಚಕ್ರದ ಜಾಡೇ ಹಳ್ಳವಾಗಿ ಕೊರಕಲು ಬಿದ್ದಿರುತ್ತದೆ. ಇನ್ನೊಂದರಲ್ಲಿ ನೀರು ಇಪ್ಪತ್ತು ಮಾರು ಓಡುವಷ್ಟರಲ್ಲಿ ಓರೆಯಾಗಿ ತಿರುಗಿ ಕಾಡಿಗಿಳಿದು ಹೋಗುತ್ತದೆ.

ಆ ತಿರುವನ್ನು ಕೊಡೆ ಹಿಡಿದು ನಿಂತು ನೋಡಬೇಕು. ರಸ್ತೆಗೆ ಅಡ್ಡಲಾಗಿ, ಇಳಿಜಾರಿನ ಕಡೆಗೆ ಕೊಂಚ ಓರೆಯಾಗಿ ತೆಗೆದ ತಗ್ಗು. ಅದರ ಕೆಳಗೆ ಅದೇ ಮಣ್ಣು ಹಾಕಿ ದಮ್ಮಸ್ಸು ಮಾಡಿದ ದಿಣ್ಣೆ. ಅಷ್ಟೇ. ಎರಡನ್ನೂ ಎಷ್ಟು ಉದ್ದಕ್ಕೆ ಹರಡಿರುತ್ತಾರೆಂದರೆ ಜೀಪಿನಲ್ಲಿ ಕೂತವರಿಗೆ ತೊಟ್ಟಿಲು ತೂಗಿದಷ್ಟೇ ಅನುಭವ. ಓರೆ ಕಡಿಮೆಯಾದರೆ ನೀರು ನಿಂತು ಹೂಳು ತುಂಬುತ್ತದೆ, ಹೆಚ್ಚಾದರೆ ತಗ್ಗೇ ಕೊರೆದುಹೋಗುತ್ತದೆ. ನಡುವಿನ ಹದ ಗುದ್ದಲಿ ಹಿಡಿದವರ ಕಣ್ಣಳತೆಯಲ್ಲಿದೆ. ಮೇಲಿನಿಂದ ಕೆಂಪಗೆ ನುಗ್ಗಿ ಬಂದ ನೀರು ದಿಣ್ಣೆಯ ಬುಡ ಸವರಿ, ರಸ್ತೆಯಂಚು ದಾಟಿ, ತರಗೆಲೆಯ ಮೇಲೆ ತೆಳ್ಳಗೆ ಹರಡುತ್ತದೆ. ಇನ್ನಷ್ಟು ಕೆಳಗಿಳಿದು ಹುಡುಕಿದರೆ ಅದರ ಸುಳಿವೇ ಇರುವುದಿಲ್ಲ. ಎಲೆ, ಬೇರು, ಸಡಿಲ ಮಣ್ಣು ಸೇರಿ ಕುಡಿದು ಮುಗಿಸಿರುತ್ತವೆ.

ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುವ ಆಗುಂಬೆಯಂಥ ಕಡೆ ನೀರನ್ನು ತಡೆಯಲು ಹೊರಡುವಂತಿಲ್ಲ, ಗುಂಪುಗೂಡದಂತೆ ನೋಡಿಕೊಳ್ಳಬಹುದು. ಹರಿವಿನ ವೇಗ ಎರಡರಷ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಸುಮಾರು 64 ಪಟ್ಟು ಏರುತ್ತದೆಂಬುದು ಹಳೆಯ ಲೆಕ್ಕ. ಅದಕ್ಕೇ ಏರು ಕಡಿದಾದಷ್ಟೂ ತಿರುವುಗಳು ಹತ್ತಿರ ಹತ್ತಿರ. ನಮ್ಮ ನೆಲಕ್ಕಂತೂ ಇದು ಇನ್ನೂ ಮುಖ್ಯ. ಮೇಲಿನ ಜಂಬಿಟ್ಟಿಗೆ ಗಾಳಿ ಬಿಸಿಲಿಗೆ ಗಟ್ಟಿಯಾಗುತ್ತದೆ, ಅಡಿಯ ಶೇಡಿಮಣ್ಣು ನೀರು ತಾಕಿದರೆ ಕರಗಿ ಹರಿಯುತ್ತದೆ. ಗಟ್ಟಿ ಪದರ ಒಮ್ಮೆ ತೂತಾಯಿತೆಂದರೆ ಗೇಣುದ್ದದ ಕೊರಕಲು ಆಳೆತ್ತರಕ್ಕೆ ಬೆಳೆಯಲು ಬಹಳ ಕಾಲ ಬೇಡ.

ಇಂಥ ಕೊರಕಲಿಗೆ ಸುಮ್ಮನೆ ಮಣ್ಣು ತುಂಬಿ ಮಟ್ಟ ಮಾಡಿದ್ದನ್ನು ಕಂಡರೆ ಸಂಕಟವಾಗುತ್ತದೆ. ಆ ಹೊಸ ಮಣ್ಣು ಮುಂದಿನ ಜೋರು ಮಳೆಗೆ ಹೊರಟು ನಿಂತಿರುತ್ತದೆ. ಬಲ್ಲವರು ಮೊದಲು ಏರಿನತ್ತ ನಡೆಯುತ್ತಾರೆ, ನೀರು ರಸ್ತೆ ಹತ್ತಿದ್ದೆಲ್ಲಿ ಎಂದು ಹುಡುಕುತ್ತಾರೆ. ತರಗೆಲೆ ಕಟ್ಟಿದ ಮೋರಿ ಇರಬಹುದು, ಧರೆಯಲ್ಲಿ ಎದ್ದ ಒರತೆ ಇರಬಹುದು. ಎಷ್ಟೋ ಸಲ ಯಂತ್ರ ರಸ್ತೆ ಹೆರೆದಾಗ ಅಂಚಿಗೆ ಕೂಡಿಹಾಕಿದ ಮಣ್ಣಿನ ಸಾಲೇ ಕಾರಣ. ಗೇಣೆತ್ತರದ ಆ ಸಾಲು ನೀರನ್ನು ಹೊರಬಿಡದೆ ಫರ್ಲಾಂಗುಗಟ್ಟಲೆ ಓಡಿಸುತ್ತದೆ. ಅಲ್ಲಲ್ಲಿ ಅದನ್ನು ಒಡೆದು ಬಾಯಿ ಬಿಡಿಸಿದರೆ ಅರ್ಧ ರಿಪೇರಿ ಮುಗಿದಂತೆ. ಚರಂಡಿಯ ಹುಲ್ಲನ್ನೆಲ್ಲ ಕೆತ್ತಿ ನುಣ್ಣಗೆ ಮಾಡುವ ಉತ್ಸಾಹ ಮಾತ್ರ ಬೇಡ. ಬೇರು ಬಿಟ್ಟ ಹುಲ್ಲು ಓಟ ತಗ್ಗಿಸಿ ಚರಂಡಿಯ ತಳ ಕಾಯುತ್ತದೆ. ನೀರು ಕಟ್ಟಿ ನಿಂತ ಕಡೆಯಷ್ಟೇ ಕೈಹಾಕಿದರೆ ಸಾಕು.

ಮೋರಿಯ ಮೇಲ್ಬಾಯಿಯನ್ನು ಎಲ್ಲರೂ ನೋಡುತ್ತಾರೆ. ನನಗೆ ಇಷ್ಟ ಕೆಳಬಾಯಿ. ಅಲ್ಲಿ ಎತ್ತಲಾಗದಷ್ಟು ದೊಡ್ಡ ಕಾಡುಕಲ್ಲುಗಳನ್ನು ಒಂದರ ಸಂದಿಗೆ ಒಂದು ಕಚ್ಚುವಂತೆ ಕೂರಿಸಿರುತ್ತಾರೆ. ಕೊಳವೆಯಿಂದ ರಭಸಕ್ಕೆ ಬಿದ್ದ ನೀರು ಕಲ್ಲಿನಿಂದ ಕಲ್ಲಿಗೆ ಒಡೆದು, ನೊರೆಯಾಗಿ, ಸೊಕ್ಕು ಕಳೆದುಕೊಂಡು ಹೊರಡುತ್ತದೆ. ನಾಲ್ಕಾರು ಮಳೆಗಾಲ ಕಂಡ ಕಲ್ಲುಗಳ ಮೇಲೆ ಪಾಚಿ, ಸಂದಿಯಲ್ಲಿ ಜರಿಗಿಡ. ಯಾರೋ ಇಟ್ಟದ್ದೆಂದು ಹೇಳಿದರೂ ನಂಬಿಕೆ ಬಾರದು.

ಈ ಕೆಲಸದ ಫಲ ಕೆಳಗಿನ ಹಳ್ಳಕ್ಕೆ ಸಿಗುತ್ತದೆ. ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯಲ್ಲಿ ಗಂಡು ಬಂಡೆಯ ಮೇಲೆ ಕೂತು ಹಿಂಗಾಲು ಚಾಚಿ ತೋರಿಸುತ್ತದೆ, ಹೆಣ್ಣು ತೊರೆಯ ತಳ ಕೆದಕಿ ಮೊಟ್ಟೆಗಳನ್ನು ಹೂಳುತ್ತದೆ. ರಸ್ತೆಯಿಂದ ಕೊಚ್ಚಿಬಂದ ನುಣ್ಣನೆ ಕೆಸರು ಮೆತ್ತಿಕೊಳ್ಳುವುದೂ ಅಲ್ಲೇ. ಆದ್ದರಿಂದ ಒಳ್ಳೆಯ ಕೆಲಸಗಾರರು ಕೊನೆಯ ತಿರುವಿನ ನೀರನ್ನು ನೇರ ಹಳ್ಳಕ್ಕೆ ಬಿಡುವುದಿಲ್ಲ. ಹದಿನೈದಿಪ್ಪತ್ತು ಮಾರು ಹಿಂದೆಯೇ ಕಾಡಿಗೆ ತಿರುಗಿಸುತ್ತಾರೆ. ಹಾಗೆ ತಿರುಗಿಸಿದ ತಗ್ಗು ಕಣ್ಣಿಗೆ ಬಿದ್ದಾಗ, ಮಾಡಿದವರು ಯಾರೇ ಇರಲಿ, ಅವರಿಗೆ ಕೈ ಮುಗಿಯಬೇಕೆನಿಸುತ್ತದೆ.