ಕುರುವಂಶದ ಪಟ್ಟಕ್ಕೆ ದೇಹಪರೀಕ್ಷೆ

ಧೃತರಾಷ್ಟ್ರ ಕುರುಡ, ಅದಕ್ಕೇ ಮಗನ ತಪ್ಪು ಅವನಿಗೆ ಕಾಣಲಿಲ್ಲ ಎಂದು ಮಕ್ಕಳಿಗೆ ಹೇಳುವುದು ನಮ್ಮಲ್ಲಿ ವಾಡಿಕೆ. ವೃತ್ತಿಯಿಂದ ವೈದ್ಯನಾಗಿದ್ದ ನನಗೆ ಈ ವಿವರಣೆ ಒಪ್ಪಿಗೆಯಾಗಿಲ್ಲ. ಮಹಾಭಾರತವೂ ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ ಎಂಬುದೇ ಈ ಲೇಖನದ ವಾದ.

ಹಸ್ತಿನಾಪುರದಲ್ಲಿ ಪಟ್ಟಕ್ಕೆ ಮೊದಲು ದೇಹವನ್ನು ನೋಡುತ್ತಿದ್ದರು. ಪ್ರತೀಪನಿಗೆ ದೇವಾಪಿ, ಬಾಹ್ಲೀಕ, ಶಂತನು ಎಂಬ ಮೂವರು ಮಕ್ಕಳು. ಹಿರಿಯನಾದ ದೇವಾಪಿ ಸತ್ಯವಂತ, ಪ್ರಜೆಗಳಿಗೆ ಅಚ್ಚುಮೆಚ್ಚು. ಆದರೆ ಅವನಿಗೆ ಚರ್ಮರೋಗವಿತ್ತು. ಅದೊಂದೇ ಕಾರಣಕ್ಕೆ ಬ್ರಾಹ್ಮಣರೂ ಹಿರಿಯರೂ ಪಟ್ಟಾಭಿಷೇಕವನ್ನು ತಡೆದರು. ತಂದೆ ಕಣ್ಣೀರಿಟ್ಟ, ಮಗ ಕಾಡಿಗೆ ಹೋದ. ಬಾಹ್ಲೀಕ ಸೋದರಮಾವನ ಮನೆ ಸೇರಿದ್ದರಿಂದ ಕಿರಿಯ ಶಂತನು ರಾಜನಾದ. ಶಂತನುವಿನ ಮಗ ವಿಚಿತ್ರವೀರ್ಯ ಮದುವೆಯಾಗಿ ಏಳು ವರ್ಷಕ್ಕೆ, ಮಕ್ಕಳಿಲ್ಲದೆ, ಕ್ಷಯದಿಂದ ತೀರಿಕೊಂಡ. ಪಟ್ಟದ ದಿನ ದೇಹ ಚೆನ್ನಾಗಿದ್ದರೆ ವಂಶ ಉಳಿದೀತೆಂಬ ಭರವಸೆ ಹೀಗೆ ಸುಳ್ಳಾಯಿತು. ಆದರೂ ನಿಯಮ ಬದಲಾಗಲಿಲ್ಲ. ಮುಂದಿನ ತಲೆಮಾರಿನಲ್ಲಿ ಹುಟ್ಟುಕುರುಡನಾದ ಧೃತರಾಷ್ಟ್ರನನ್ನು ಬಿಟ್ಟು ತಮ್ಮ ಪಾಂಡುವಿಗೆ ಪಟ್ಟ ಕಟ್ಟಿದರು.

ದೇವಾಪಿಯ ಈ ಕಥೆಯನ್ನು ಉದ್ಯೋಗಪರ್ವದಲ್ಲಿ ದುರ್ಯೋಧನನಿಗೆ ಹೇಳುವವನು ಸ್ವತಃ ಧೃತರಾಷ್ಟ್ರ. ಅಂಗಹೀನನೆಂದು ತನಗೇ ಸಲ್ಲದ ರಾಜ್ಯವನ್ನು ನೀನು ಹೇಗೆ ಬಯಸುತ್ತೀ ಎಂದು ಮಗನನ್ನು ಕೇಳುತ್ತಾನೆ. ಧರ್ಮ ಯಾವ ಕಡೆಗಿದೆ ಎಂಬುದು ಅವನಿಗೆ ತಿಳಿದಿತ್ತು. ವಿದುರ ಹೇಳಿದ್ದ, ಸಂಜಯ ಹೇಳಿದ್ದ. ಮಹಾಭಾರತ ಅವನನ್ನು ಪ್ರಜ್ಞಾಚಕ್ಷು ಎಂದೇ ಕರೆಯುತ್ತದೆ. ಹಾಗಿದ್ದೂ ದ್ಯೂತಸಭೆಯಲ್ಲಿ ಅವನು ಸಂತೋಷ ಮುಚ್ಚಿಡಲಾರದೆ, ಗೆದ್ದದ್ದಾಯಿತೇ ಎಂದು ಮತ್ತೆ ಮತ್ತೆ ವಿಚಾರಿಸುತ್ತಾನೆ. ಅಲ್ಲಿ ಅವನಿಗೆ ಕೊರತೆಯಾದದ್ದು ಕಣ್ಣಲ್ಲ. ಗೆಲ್ಲುತ್ತಿರುವವರು ತನ್ನವರು ಎಂಬುದಷ್ಟೇ ಅವನಿಗೆ ಸಾಕಾಗಿತ್ತು.

ಇದಕ್ಕೆ ಗಾಂಧಾರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಅವಳೂ ಅದೇ ಕತ್ತಲೆಯಲ್ಲಿ ಬಾಳಿದವಳು, ಅದೇ ಮಗನ ತಾಯಿ. ಎರಡನೆಯ ಜೂಜಿಗೆ ಮುನ್ನ, ಈ ಮಗನನ್ನು ತ್ಯಜಿಸು ಎಂದು ಗಂಡನಿಗೆ ಹೇಳಿದವಳು ಅವಳೇ. ಸಂಧಿಯ ಸಭೆಯಲ್ಲಿ ದುರ್ಯೋಧನನಿಗೆ ಬುದ್ಧಿ ಹೇಳಿದಳು, ಮಗನನ್ನು ಹೀಗೆ ಬೆಳೆಸಿದ್ದಕ್ಕೆ ಗಂಡನನ್ನೂ ದೂರಿದಳು. ಕುರುಡುತನವೇ ಮೋಹಕ್ಕೆ ಕಾರಣವಾಗಿದ್ದರೆ ಅವಳಿಗೂ ತಪ್ಪು ಕಾಣಬಾರದಿತ್ತು.

ಹಾಗಾಗಿ ದೇವಾಪಿಗೂ ಧೃತರಾಷ್ಟ್ರನಿಗೂ ಒಂದೇ ಅಳತೆಗೋಲು ಹಿಡಿದದ್ದೇ ಆ ಮನೆತನದ ದೋಷ ಎನ್ನುತ್ತೇನೆ. ಒಬ್ಬನ ಒಳ್ಳೆಯತನವನ್ನೂ ಇನ್ನೊಬ್ಬನ ಪಕ್ಷಪಾತವನ್ನೂ ಆ ಪರೀಕ್ಷೆ ಅಳೆಯಲಿಲ್ಲ. ದೃಷ್ಟಿಯಿಲ್ಲದ, ನಡೆಯಲಾಗದ ಮಕ್ಕಳು ನಮ್ಮ ಸಂಘದ ಕುಟುಂಬಗಳಲ್ಲೂ ಇದ್ದಾರೆ. ಈ ಕಥೆಯನ್ನು ಅವರೂ ಕೇಳಿಸಿಕೊಳ್ಳುತ್ತಾರೆ. ಅವರ ಮುಂದೆ ಹೇಳುವಾಗ ಧೃತರಾಷ್ಟ್ರನ ಕಣ್ಣನ್ನು ಬಿಟ್ಟು, ಎಲ್ಲ ತಿಳಿದೂ ಅವನು ಮಾಡದೆ ಉಳಿದದ್ದನ್ನು ಹೇಳೋಣ. ಗಾಂಧಾರಿಯ ಮಾತನ್ನು ತಪ್ಪದೆ ಸೇರಿಸೋಣ.